ಇತರ ಅಂಶಗಳು ಸ್ಥಿರವಾಗಿದ್ದರೆ

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಯಾರಿಗೂ ಗೊತ್ತಿಲ್ಲ. ‘ಟ್ಯೂಷನ್ ಮೇಷ್ಟ್ರು’ ಅಂದರೆ ಹಾಲಿನವನೂ ಮನೆ ತೋರಿಸುತ್ತಾನೆ. ಅಂಗಿ ಜೇಬಿನಲ್ಲಿ ನೀಲಿ, ಕಪ್ಪು, ಕೆಂಪು ಪೆನ್ನುಗಳು. ಸ್ಕೂಟರ್ ಡಿಕ್ಕಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು. ಎಸ್ಸೆಸ್ಸೆಲ್ಸಿಗೆ ಕನ್ನಡ, ಪಿಯುಸಿಗೆ ಅರ್ಥಶಾಸ್ತ್ರ. ಪತ್ರಲೇಖನ ಇಬ್ಬರಿಗೂ ಪುಕ್ಕಟೆ. ಮೇಷ್ಟ್ರ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಬಗೆಯ ಸಂಗತಿ: ಅಂಕ ಬರುವಂಥದ್ದು, ಬಾರದಂಥದ್ದು.

ಸಾಹಿತ್ಯದಲ್ಲಿ ಕವಿ ಎಂದರೆ ಸ್ಥಳ, ಕಾಲ, ಕೃತಿ, ಪ್ರಶಸ್ತಿ. ‘ಬೇಂದ್ರೆ?’ ಎಂದರೆ ಹುಡುಗ ಒಂದೇ ಉಸಿರಿಗೆ ‘ಧಾರವಾಡ, 1896, ನಾಕು ತಂತಿ, ಜ್ಞಾನಪೀಠ’ ಎಂದು ಒಪ್ಪಿಸಬೇಕು. ‘ಪದ್ಯ ತುಂಬಾ ಚೆನ್ನಾಗಿದೆ ಸಾರ್’ ಎಂದು ಯಾವಳಾದರೂ ಬಾಯಿ ತಪ್ಪಿ ಅಂದರೆ, ‘ಅದನ್ನ ಸ್ವಾರಸ್ಯದ ಕೊನೇ ಸಾಲಿಗೆ ಇಟ್ಕೊ. ಈಗ ಪ್ರಸ್ತಾರ ಹಾಕು’ ಎನ್ನುತ್ತಾರೆ. ಭಾಮಿನಿ ಷಟ್ಪದಿಯೆಂದರೆ ಅವರಿಗೆ ಪ್ರಾಣ. ಮೂರು, ಆರನೆಯ ಸಾಲಿಗೆ 23 ಮಾತ್ರೆ, ಮಿಕ್ಕ ನಾಲ್ಕಕ್ಕೆ ತಲಾ 14, ಒಟ್ಟು 102. 101 ಬಂತೋ, ಸಂಜೆ ಲೆಕ್ಕ ತಾಳೆಯಾಗದ ಬ್ಯಾಂಕ್ ಕ್ಯಾಷಿಯರ್‌ನಂತೆ ಬೆವರುತ್ತಾರೆ. ‘ದ್ರೌಪದಿ ಕಷ್ಟ ಆಮೇಲೆ ನೋಡೋಣ. ಮೊದಲು ಒಂದು ಮಾತ್ರೆ ಎಲ್ಲಿ ಹೋಯ್ತು ಹೇಳು!’

ಪತ್ರಲೇಖನದಲ್ಲಿ ಅವರ ಕೈ ಇನ್ನೂ ಪಳಗಿದ್ದು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರಕ್ಕೆ ಅವರಲ್ಲಿರುವುದು ಒಂದೇ ಕಾರಣ: ಅಕ್ಕನ ಮದುವೆ. ಈ ಅಕ್ಕ ಎಷ್ಟೋ ವರ್ಷಗಳಿಂದ ಪ್ರತಿ ಮಾರ್ಚಿಗೊಮ್ಮೆ ಮದುವೆಯಾಗುತ್ತ ಬಂದಿದ್ದಾಳೆ.

‘ಸಾರ್, ನಂಗೆ ಅಕ್ಕ ಇಲ್ಲ.’

‘ಪರೀಕ್ಷೇಲಿ ಎಲ್ಲರಿಗೂ ಇರ್ತಾಳೆ. ಬರಿ.’

‘ಜ್ವರ ಅಂತ ಬರೀಲಾ ಸಾರ್?’

‘ಜ್ವರ ಅಂದ್ರೆ ಎರಡು ಸಾಲಿಗೆ ಮುಗಿದುಹೋಗತ್ತೆ. ಮದುವೆ ಆದ್ರೆ ಚಪ್ಪರ, ನೆಂಟರು, ಬೀಗರು ಅಂತ ಪುಟ ತುಂಬತ್ತೆ.’

ಖಾಸಗಿ ಪತ್ರವಾದರೆ ಪ್ರವಾಸಕ್ಕೆ ಹಣ ಕೇಳುವುದು. ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತ ಕೂತ ಅಪ್ಪನಿಗೆ ಮಗ ‘ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಿ’ ಎಂದು ಬರೆಯುತ್ತಾನೆ. ಪತ್ರ ಮುಗಿಸಿ, ‘ಅಪ್ಪಾ, ಸೌಂಡ್ ಕಮ್ಮಿ ಮಾಡು’ ಎಂದು ಕೂಗುತ್ತಾನೆ.

ಅರ್ಥಶಾಸ್ತ್ರಕ್ಕೆ ಬಂದರೆ ಮೇಷ್ಟ್ರು ಪುಸ್ತಕ ಮುಚ್ಚಿಡುತ್ತಾರೆ. ಉದಾಹರಣೆಗಳು ಮೈಮೇಲೇ ಇವೆ. ದಿನಕ್ಕೆ ಐದು ಮನೆ, ಐದು ಕಡೆಯೂ ಉಪ್ಪಿಟ್ಟು. ‘ಮೊದಲನೇ ಮನೇಲಿ ತುಷ್ಟಿಗುಣ ಜಾಸ್ತಿ. ಎರಡನೇ ಮನೇಲಿ ಕಮ್ಮಿ. ನಾಲ್ಕನೇದರಲ್ಲಿ ಸೀಮಾಂತ ತುಷ್ಟಿಗುಣ ಸೊನ್ನೆ, ಅಲ್ಲಿಗೆ ಒಟ್ಟು ತುಷ್ಟಿಗುಣ ಗರಿಷ್ಠ. ಐದನೇ ಮನೇದು ಋಣಾತ್ಮಕ.’ ಅದು ಐದನೆಯ ಮನೆ. ಅಡುಗೆಮನೆಯಿಂದ ಬರುತ್ತಿದ್ದ ತಟ್ಟೆ ಬಾಗಿಲಲ್ಲೇ ನಿಂತಿತು. ತಟ್ಟೆಯಲ್ಲಿ ನಿಪ್ಪಟ್ಟು ಕಂಡ ಮೇಷ್ಟ್ರು ತಕ್ಷಣ, ‘ಪದಾರ್ಥ ಬದಲಾದರೆ ನಿಯಮ ಅನ್ವಯಿಸೋಲ್ಲ, ಬರ್ಕೊ’ ಎಂದರು.

ಪಿಯುಸಿ ಹುಡುಗನೊಬ್ಬ ಒಮ್ಮೆ ಸಿಕ್ಕಿಸಿಹಾಕಲು ನೋಡಿದ. ‘ಬೆಲೆ ಏರಿದರೆ ಬೇಡಿಕೆ ಇಳಿಯತ್ತೆ ಅಂತೀರಿ. ಫೆಬ್ರವರೀಲಿ ನೀವು ಫೀಸು ಏರಿಸಿದ್ರಿ, ಹುಡುಗರೂ ಜಾಸ್ತಿಯಾದರಲ್ಲ ಸಾರ್?’

‘ಇತರ ಅಂಶಗಳು ಸ್ಥಿರವಾಗಿದ್ದರೆ ಅಂತ ನಿಯಮದ ಮೊದಲಲ್ಲೇ ಇದೆ. ಪರೀಕ್ಷೆ ಹತ್ತಿರ ಬಂದಾಗ ನಿಮ್ಮಪ್ಪನ ಎದೆಬಡಿತ ಸ್ಥಿರವಾಗಿರತ್ತೇನೋ? ಬೇಡಿಕೆ ರೇಖೆಯೇ ಬಲಕ್ಕೆ ಸರಿಯತ್ತೆ.’ ಉತ್ತರ ಸರಿಯಾಗೇ ಇತ್ತು, ಹುಡುಗ ತೆಪ್ಪಗಾದ.

ಇಷ್ಟೆಲ್ಲ ಬಲ್ಲವರಿಗೆ ಬಾಯಿಬಿಟ್ಟು ಫೀಸು ಕೇಳುವುದು ಮಾತ್ರ ಬಾರದು. ಬಾಕಿ ಎರಡು ತಿಂಗಳು ದಾಟಿದರೆ ಆ ಮನೆಯ ಹುಡುಗನಿಗೆ ಅಭ್ಯಾಸಪತ್ರ ಕೊಡುತ್ತಾರೆ. ‘ವಿಷಯ: ಬಾಕಿ ಉಳಿದಿರುವ ಬೋಧನಾ ಶುಲ್ಕ ಪಾವತಿಸುವಂತೆ ಕೋರಿ. ನಿನ್ನನ್ನು ಒಬ್ಬ ಬಡ ಶಿಕ್ಷಕ ಎಂದು ಭಾವಿಸಿಕೊಂಡು ಬರೆ. ಅಪ್ಪನ ಸಹಿ ಹಾಕಿಸ್ಕೊಂಡು ಬಾ.’

ಒಂದು ಮನೆಯ ಯಜಮಾನರು ಇದಕ್ಕೆ ಮಗನ ಕೈಯಲ್ಲೇ ಉತ್ತರ ಬರೆಸಿ ಕಳಿಸಿದರು: ‘ಮಾನ್ಯರೇ, ಇತರ ಅಂಶಗಳು ಸ್ಥಿರವಾಗಿದ್ದರೆ ಶೀಘ್ರದಲ್ಲೇ ಪಾವತಿಸಲಾಗುವುದು. ಇಂತಿ ತಮ್ಮ ವಿಶ್ವಾಸಿ.’

ಮೇಷ್ಟ್ರು ಓದಿದರು. ಕೆಂಪು ಪೆನ್ನು ತೆಗೆದು ಐದಕ್ಕೆ ನಾಲ್ಕು ಕೊಟ್ಟು, ಕೆಳಗೆ ಷರಾ ಬರೆದರು: ‘ಒಕ್ಕಣೆ ಉತ್ತಮ. ದಿನಾಂಕ ನಮೂದಿಸಿಲ್ಲ.’