ಮೃತಕೋಶ ಜೀರ್ಣೋದ್ಧಾರ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂಬುದು ಶಾಸ್ತ್ರಕಾರರ ಕಟ್ಟಳೆ. ವಿಷಯ: ಹಳೆಯ ಕಾರಿನ ಜಿಪಿಎಸ್ ಯಂತ್ರದೊಳಗಿನ ಸತ್ತ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸುವುದು. ಸಂಬಂಧ: ಯಂತ್ರ ಮಾವನವರ ಕೊಡುಗೆ, ಆದ್ದರಿಂದ ಎಸೆಯುವಂತಿಲ್ಲ. ಅಧಿಕಾರಿ: ಸಣ್ಣ ಸ್ಕ್ರೂಡ್ರೈವರ್ ಉಳ್ಳವನು, ಭಾನುವಾರ ಮಧ್ಯಾಹ್ನ ಬೇರೆ ಕೆಲಸವಿಲ್ಲದವನು. ಪ್ರಯೋಜನವನ್ನು ಮುಂದೆ ವಿಚಾರಿಸಲಾಗುವುದು.

ಸಂಶೋಧನೆಯ ಕ್ಷೇತ್ರ ತಿರುವನಂತಪುರದ ಕಳಕ್ಕೂಟಂ. ಇದು ಸಾಮಾನ್ಯ ಕ್ಷೇತ್ರವಲ್ಲ. ದೇಶದ ಮೊದಲ ಟೆಕ್ನಾಲಜಿ ಪಾರ್ಕ್ ಆದ ಟೆಕ್ನೋಪಾರ್ಕ್ 1990ರಲ್ಲಿ ಹುಟ್ಟಿದ್ದು ಇಲ್ಲಿ. ಕಾಸರಗೋಡಿನ ಕನ್ನಡಿಗರು ಕೇರಳದ ಆ ತುದಿಯಿಂದ ಈ ತುದಿಗೆ ಬಂದು ಬೀಳುವುದು ಅದರ ಕೃಪೆಯಿಂದಲೇ. ಕೆಲವೇ ಕಿಲೋಮೀಟರ್ ಆಚೆಯ ತುಂಬಾದಿಂದ 1963ರ ನವೆಂಬರ್ 21ರಂದು ನಮ್ಮ ನೆಲದ ಮೊದಲ ರಾಕೆಟ್ ಹಾರಿತು. ಆ ಉಡಾವಣಾ ಕೇಂದ್ರದ ಕಚೇರಿ ಇದ್ದದ್ದು ಒಂದು ಹಳೆಯ ಇಗರ್ಜಿಯಲ್ಲಿ. ಬಿಡಿಭಾಗಗಳು ಸೈಕಲ್ ಮೇಲೆ ಬಂದವು. ರಾಕೆಟ್ಟನ್ನೇ ಇಗರ್ಜಿಯಲ್ಲಿ ಜೋಡಿಸಬಹುದಾದರೆ ಬ್ಯಾಟರಿಯನ್ನು ಊಟದ ಮೇಜಿನ ಮೇಲೆ ಯಾಕೆ ಜೋಡಿಸಬಾರದು ಎಂಬುದು ಪ್ರಸ್ತುತ ಸಂಶೋಧಕನ ಆದ್ಯ ಪ್ರಮೇಯ. ಅಲ್ಲಿನ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ತಾನು ರೂಪಿಸಿದ ಲಿಥಿಯಂ ಅಯಾನ್ ಸೆಲ್ಲಿನ ತಂತ್ರಜ್ಞಾನವನ್ನು ಕಂಪನಿಗಳಿಗೆ ಒಂದು ಕೋಟಿ ರೂಪಾಯಿಗೆ ಕೊಡುವುದಾಗಿ 2018ರಲ್ಲಿ ಪ್ರಕಟಿಸಿತ್ತು. ನಮಗೆ ಬೇಕಾದದ್ದು ಒಂದೇ ಸೆಲ್. ಆ ಲೆಕ್ಕದಲ್ಲಿ ದುಬಾರಿಯಾಯಿತು.

ಇಲ್ಲಿ ಪೂರ್ವಪಕ್ಷ: ಕಾರಿನಲ್ಲೇ ಚಾರ್ಜರ್ ಸಾಕೆಟ್ ಇರುವಾಗ ಒಳಗೊಂದು ಬ್ಯಾಟರಿ ಯಾಕೆ? ಉತ್ತರಪಕ್ಷ: ಎಂಜಿನ್ ಆರಿಸಿದೊಡನೆ ಎಷ್ಟೋ ಕಾರುಗಳಲ್ಲಿ ಸಾಕೆಟ್ಟೂ ಆರುತ್ತದೆ, ಜೊತೆಗೆ ಯಂತ್ರದ ನೆನಪೂ ಹೋಗುತ್ತದೆ. ನೆನಪಿಲ್ಲದ ಯಂತ್ರ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹೊಸದಾಗಿ ಹುಡುಕಬೇಕು. ಅವುಗಳ ಪೂರ್ತಿ ಪಂಚಾಂಗ ಆಕಾಶದಿಂದ ಇಳಿದು ಮುಗಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನಾವು ಟೆಕ್ನೋಪಾರ್ಕಿನ ಗೇಟಿನಿಂದ ಹೊರಟು ಮನೆ ಸೇರಿ ಕಾಲು ತೊಳೆದಿರುತ್ತೇವೆ.

ಉತ್ಖನನಕ್ಕೆ ನಕ್ಷತ್ರಾಕಾರದ ತಲೆಯ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ಮುಚ್ಚಳ ತೆಗೆದಾಗ ದೊರೆತದ್ದು ಹೊಟ್ಟೆ ಊದಿದ ಒಂದು ಚಪ್ಪಟೆ ಕೋಶ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪೂರ್ತಿ ಚಾರ್ಜಿನಲ್ಲಿ ಬೇಯುವುದು, ಆಮೇಲೆ ಡ್ರಾಯರಿನಲ್ಲಿ ವರ್ಷಗಟ್ಟಲೆ ಖಾಲಿಯಾಗಿ ಬಿದ್ದಿರುವುದು, ಇವೆರಡೂ ಲಿಥಿಯಂ ಕೋಶಕ್ಕೆ ಮಾರಕ. ಒಳಗೆ ಅನಿಲ ಹುಟ್ಟಿ ಊದುತ್ತದೆ. ಕೋಶದ ಮೇಲೆ ಮೂರು ಸಾಲಿನ ಶಾಸನವಿತ್ತು. ಮೊದಲ ಸಾಲು ಸ್ಪಷ್ಟ: 3.7 ವೋಲ್ಟ್. ಎರಡನೆಯದು ತ್ರುಟಿತ. ಮೂರನೆಯದು ಶಾಪಾಶಯ: ಬೆಂಕಿಗೆ ಹಾಕಬಾರದು, ಚುಚ್ಚಬಾರದು. ನಮ್ಮ ದಾನಶಾಸನಗಳಲ್ಲಿ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದು ಎಂದೋ. ಊದಿದ ಕೋಶವನ್ನು ಚುಚ್ಚಿದವನಿಗೆ ಫಲ ಕೂಡಲೇ ದೊರೆಯುತ್ತದೆ.

ಮುಖ್ಯ ವಿವಾದ ತಂತಿಗಳದ್ದು. ಯಂತ್ರದ ಕೋಶಕ್ಕೆ ಕೆಂಪು, ಕಪ್ಪು, ಬಿಳಿ ಎಂದು ಮೂರು ತಂತಿ. ಅಂಗಡಿಯಲ್ಲಿ ಸಿಗುವ ಅದೇ ಅಳತೆಯ ಕೋಶಕ್ಕೆ ಕೆಂಪು ಮತ್ತು ಕಪ್ಪು ಮಾತ್ರ. ಧನವೂ ಋಣವೂ ಇದ್ದಮೇಲೆ ಮೂರನೆಯದೊಂದು ತತ್ತ್ವವನ್ನು ಒಪ್ಪುವುದು ಗೌರವದೋಷ ಎಂದು ದ್ವಿತಂತಿವಾದಿಗಳ ಮತ. ಈ ಮತದಂತೆ ಜೋಡಿಸಿದಾಗ ಪರದೆ ಬೆಳಗಿತು, ಚಾರ್ಜ್ ಮಾತ್ರ ಹತ್ತಲಿಲ್ಲ. ಕಳಕ್ಕೂಟಂ ಜಂಕ್ಷನ್ನಿನ ಮೊಬೈಲ್ ರಿಪೇರಿ ಅಂಗಡಿಯ ತರುಣನೊಬ್ಬ ಯಾವ ಗ್ರಂಥವನ್ನೂ ಉದ್ಧರಿಸದೆ ತೀರ್ಪು ಕೊಟ್ಟ:

“ಅಣ್ಣಾ, ಬಿಳಿ ತಂತಿ ಟೆಂಪರೇಚರ್ ನೋಡ್ಲಿಕ್ಕೆ. ಅದಿಲ್ಲದೆ ಇದು ಚಾರ್ಜ್ ತಗೊಳ್ಳೋದಿಲ್ಲ.”

ಅದೇ ಸಿದ್ಧಾಂತ. ಬಿಳಿ ತಂತಿಯ ತುದಿಯಲ್ಲಿ ಥರ್ಮಿಸ್ಟರ್ ಎಂಬ ಕಾಳಿನಷ್ಟು ಸಣ್ಣ ವಸ್ತುವಿದೆ. ಕೋಶ ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಅದನ್ನು ಅಳೆದು ಯಂತ್ರ ಚಾರ್ಜನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಸುದ್ದಿಯೇ ಬಾರದಿದ್ದರೆ ಅಪಾಯವೆಂದೇ ಎಣಿಸಿ ಬಾಗಿಲು ಮುಚ್ಚುತ್ತದೆ, ಮುಚ್ಚಲೇಬೇಕು. ಹಳೆಯ ಕೋಶದ ನೆತ್ತಿಯಲ್ಲಿದ್ದ ಸಣ್ಣ ಸರ್ಕ್ಯೂಟ್ ಹಲಗೆಯನ್ನು ತರುಣನೇ ಬಿಡಿಸಿ, ಶಾಖ ಒಳಕ್ಕಿಳಿಯದಂತೆ ಕ್ಷಣಮಾತ್ರದಲ್ಲಿ ಹೊಸದಕ್ಕೆ ಬೆಸೆದ. ‘ಮನೆಯಲ್ಲೇ’ ಎಂಬ ಷರತ್ತು ಇಲ್ಲಿ ಸ್ವಲ್ಪ ಸಡಿಲಾಯಿತು. ಆದರೆ ಗುರುಮುಖೇನ ಬಂದ ವಿದ್ಯೆಯನ್ನು ತನ್ನದೆಂದೇ ಬರೆದುಕೊಳ್ಳುವುದು ಪ್ರಬಂಧ ಪ್ರಪಂಚದಲ್ಲಿ ಸರ್ವಸಮ್ಮತ.

ಇನ್ನು ಕಾಲನಿರ್ಣಯ. ಎದ್ದ ಯಂತ್ರ ತೋರಿಸಿದ ತಾರೀಕು ಇಂದಿಗಿಂತ ಹತ್ತೊಂಬತ್ತೂವರೆ ವರ್ಷ ಹಿಂದಿನದು. ಜಿಪಿಎಸ್ ಉಪಗ್ರಹಗಳು ವಾರಗಳನ್ನು 1023ರ ತನಕ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತವೆ. ಹಾಗೆ ಮರಳಿದ್ದು 1999ರ ಆಗಸ್ಟ್‌ನಲ್ಲೊಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಸಾಫ್ಟ್‌ವೇರ್ ನವೀಕರಿಸದ ಕೆಲವು ಹಳೆಯ ಯಂತ್ರಗಳಿಗೆ ಎರಡನೆಯ ಸಲದ್ದು ತಿಳಿದೇ ಇಲ್ಲ. ಇದನ್ನು ದೋಷವೆನ್ನಲಾಗದು. ಪ್ರಾಚೀನ ಕವಿಗಳನ್ನು ಒಂದು ಶತಮಾನದಿಂದ ಎತ್ತಿ ಇನ್ನೊಂದರಲ್ಲಿ ಕೂರಿಸಿದ ನಮ್ಮ ವಿದ್ವತ್ಪರಂಪರೆಯಲ್ಲಿ ಹತ್ತೊಂಬತ್ತೂವರೆ ವರ್ಷಕ್ಕೆ ಯಾರೂ ಜಗಳವಾಡುವುದಿಲ್ಲ.

ಕೊನೆಗೆ ಕ್ಷೇತ್ರಕಾರ್ಯ. ಕಳಕ್ಕೂಟಂನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಎತ್ತರಿಸಿದ ರಸ್ತೆ ಸಂಚಾರಕ್ಕೆ ತೆರೆದದ್ದು 2022ರ ಕೊನೆಗೆ. ಯಂತ್ರದ ನಕ್ಷೆ ಅದಕ್ಕಿಂತ ಬಹಳ ಹಳೆಯದು. ಸ್ಥಾನವನ್ನು ಅದು ಸರಿಯಾಗಿಯೇ ಹಿಡಿಯಿತು, ನಾವು ಮೇಲಿದ್ದೇವೆಂಬುದನ್ನು ಬಿಟ್ಟು. ಕಂಬಗಳ ಮೇಲೆ, ನಡು ಆಕಾಶದಲ್ಲಿ, “ಇಲ್ಲಿ ಬಲಕ್ಕೆ ತಿರುಗಿ” ಎಂದು ಗಂಭೀರವಾಗಿ ಆಜ್ಞಾಪಿಸಿತು.

“ಅದರ ಮಾತು ಕೇಳಿ ತಿರುಗಿಸ್ಬೇಡಿ ಮಾರಾಯ್ರೆ” ಎಂದು ಪಕ್ಕದ ಸೀಟಿನಿಂದ ಸಹಧರ್ಮಿಣಿಯ ಭಾಷ್ಯ ಬಂತು. ಅವಳ ಮಡಿಲಲ್ಲಿದ್ದ ಫೋನು ಮೊದಲಿನಿಂದಲೂ ದಾರಿ ಹೇಳುತ್ತಲೇ ಇತ್ತು.

ಹೀಗೆ ಪ್ರಯೋಜನವೂ ನಿರ್ಣಯವಾಯಿತು: ಯಂತ್ರಕ್ಕೆ ಜೀವ ಬಂದಿದೆ, ಅದರಿಂದ ಉಪಯೋಗವಿಲ್ಲ. ಇನ್ನುಳಿದದ್ದು ತೆಗೆದಿಟ್ಟ ಹಳೆಯ ಕೋಶದ ಅಂತ್ಯಸಂಸ್ಕಾರ. ಈ ಅಧ್ಯಾಯದಲ್ಲಿ ಹಾಸ್ಯಕ್ಕೆ ಎಡೆಯಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದನ್ನು ಮನೆಕಸದಲ್ಲಿ ಬೆರೆಸುವಂತಿಲ್ಲ. ಆದ್ದರಿಂದ ವಾಚಕರಲ್ಲಿ ವಿನಂತಿ: ಊದಿದ ಸೆಲ್ಲನ್ನು ಒತ್ತಬೇಡಿ, ತುದಿಗಳಿಗೆ ಟೇಪು ಸುತ್ತಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರೋ ಇ-ತ್ಯಾಜ್ಯದವರೋ ಬಂದಾಗ ಪ್ರತ್ಯೇಕವಾಗಿಯೇ ಅವರ ಕೈಗೆ ಕೊಡಿ.