ಜಾಲತಾಣವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸುವ ಕುರಿತು

ಮಾನ್ಯ ಕನ್ನಡ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ, ಅಂತಿಮ ಎಂ.ಎ. ವಿದ್ಯಾರ್ಥಿಗಳು ಮಾಡುವ ನಮಸ್ಕಾರಗಳು.

ವಿಷಯ: ‘ವೆಬ್ ಪ್ರಾಜೆಕ್ಟ್’ ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸುತ್ತಿರುವ ಬಗ್ಗೆ.

ಸಾಹಿತ್ಯ ಓದುವವರೂ ಡಿಜಿಟಲ್ ಆಗಬೇಕೆಂದು ತಾವು ವರ್ಷದ ಮೊದಲಲ್ಲಿ ಅಪ್ಪಣೆ ಕೊಡಿಸಿದಿರಿ. ಆದೆವು. ಕುಮಾರವ್ಯಾಸನ ಉದ್ಯೋಗಪರ್ವದಿಂದ ಒಂದಿಷ್ಟು ಪದ್ಯ ಆಯ್ದು ಜಾಲತಾಣ ಕಟ್ಟಿದೆವು. ಪದ್ಯದ ಮೇಲೆ ಬೆರಳಿಟ್ಟರೆ ಗುರು–ಲಘುಗಳ ಪ್ರಸ್ತಾರ ತಾನಾಗಿ ಮೂಡುತ್ತದೆ, ಕಠಿಣ ಪದ ಮುಟ್ಟಿದರೆ ಅರ್ಥ ಬರುತ್ತದೆ, ಪಕ್ಕದ ಗುಂಡಿಯಲ್ಲಿ ಗಮಕವಿದೆ. ಅಷ್ಟರಲ್ಲಿ ಸುತ್ತೋಲೆ ಬಂತು: ಜಾಲತಾಣದ ಎಲ್ಲ ಪುಟಗಳನ್ನೂ ಎ4 ಹಾಳೆಯ ಒಂದೇ ಮಗ್ಗುಲಿಗೆ ಮುದ್ರಿಸಿ ಮೂರು ಪ್ರತಿ ಕೊಡತಕ್ಕದ್ದು.

ಕೊಟ್ಟಿದ್ದೇವೆ. ಅಲ್ಲಲ್ಲಿ ಕಾಣುವ ಚಿಕ್ಕ ತ್ರಿಕೋನವೇ ಗಮಕ ವಾಚನ. ಹಾಳೆಯನ್ನು ಕಿವಿಗೆ ಹಿಡಿದರೆ ಕೇಳಿಸದು, ದಯವಿಟ್ಟು ತಾವೇ ಹಾಡಿಕೊಳ್ಳಬೇಕು. ಅಡಿಗೆರೆ ಎಳೆದ ಪದಗಳು ಕೊಂಡಿಗಳು. ಬಣ್ಣದ ಮುದ್ರಣ ನಮ್ಮ ಜೇಬಿಗೆ ಎಟುಕದ್ದರಿಂದ ನೀಲಿಯೆಲ್ಲ ಬೂದಿಯಾಗಿದೆ. ಇವಕ್ಕೇಕೆ ಅಡಿಗೆರೆ ಎಂದು ವೈವಾದಲ್ಲಿ ಕೇಳಬೇಡಿರೆಂದು ಹೊರಗಿನ ಪರೀಕ್ಷಕರಿಗೆ ಮೊದಲೇ ತಿಳಿಸಿದರೆ ಉಪಕಾರವಾಗುತ್ತದೆ.

ವರದಿ ‘ನುಡಿ’ ತಂತ್ರಾಂಶದಲ್ಲಿ, 14ರ ಗಾತ್ರದಲ್ಲಿರಬೇಕೆಂಬ ಕಲಮೂ ಇತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ, ನುಡಿಯ ಹೊಸ ಆವೃತ್ತಿಗಳಿಗೂ ಅದು ಗೊತ್ತು. ವಿಭಾಗದ ಕಂಪ್ಯೂಟರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಮಾರ್ಗದರ್ಶಕರು ಅದರಲ್ಲಿ ಬರೆದುಕೊಟ್ಟ ಮುನ್ನುಡಿಯನ್ನು ತಾಣಕ್ಕೆ ಅಂಟಿಸಿದೊಡನೆ ಕನ್ನಡವೆಲ್ಲ ಮಾಯವಾಗಿ, ರೋಮನ್ ಅಕ್ಷರಗಳು ತಲೆಗೆ ಟೋಪಿ, ಚುಕ್ಕಿ ಇಟ್ಟುಕೊಂಡು ಸಾಲಾಗಿ ನಿಂತವು. ಹಾಗೇ ಮುದ್ರಿಸಿದೆವು. ಗುರುಗಳು ಅದರ ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿದ್ದಾರೆ.

ಪ್ರಸ್ತಾರದ ಕಥೆಯನ್ನು ಮಾತ್ರ ತುಸು ವಿಸ್ತಾರವಾಗಿ ಹೇಳಬೇಕು. ಭಾಮಿನಿ ಷಟ್ಪದಿಯ ಲೆಕ್ಕ ತಮಗೆ ಹೇಳುವುದೇ? ಮೂರು–ನಾಲ್ಕರ ಗಣಗಳು, ಚಿಕ್ಕ ಸಾಲಿಗೆ 14, ಮೂರು ಮತ್ತು ಆರನೆಯದಕ್ಕೆ 23, ಒಟ್ಟು 102 ಮಾತ್ರೆ. ನಾವು ಬರೆದ ಪ್ರೋಗ್ರಾಂ ಪದ್ಯಕ್ಕೊಂದು ಮೊತ್ತ ಕೊಡುತ್ತಿತ್ತು. ‘ಕ್ಷ’ ನಮಗೆ ಒಂದಕ್ಷರ. ಯಂತ್ರಕ್ಕೆ ಅದು ಕ, ಹಲಂತ, ಷ ಎಂಬ ಮೂವರು. ಅದನ್ನು ತಿದ್ದಿದರೂ 101 ಬಂತು. ಕುಮಾರವ್ಯಾಸನೇ ಒಂದು ಮಾತ್ರೆ ನುಂಗಿದನೋ ಎಂಬ ಗುಮಾನಿಯೂ ಹುಟ್ಟಿತು. ಉದ್ದ ಸಾಲಿನ ಕೊನೆಯ ಲಘುವನ್ನು ಗುರುವೆಂದೇ ಎಣಿಸಬೇಕೆಂದು ಯಂತ್ರಕ್ಕೆ ಹೇಳಿರಲಿಲ್ಲ. ಮತ್ತೊಂದು ಪದ್ಯದ ಮೊದಲ ಸಾಲಿಗೆ 13 ಬಂತು: ಷಟ್ಪದಿಯ ಪದ ಸಾಲು ಮುರಿದು ಕೆಳಗಿಳಿಯುತ್ತದೆ, ಮುಂದಿನ ಸಾಲು ಒತ್ತಕ್ಷರದಿಂದ ಶುರುವಾದರೆ ಹಿಂದಿನ ಸಾಲಿನ ಕೊನೆಯಕ್ಷರ ಗುರುವಾಗುತ್ತದೆ. ಛಂದಸ್ಸಿನ ಪತ್ರಿಕೆಯನ್ನು ಬಾಯಿಪಾಠದಿಂದಲೇ ಪಾಸು ಮಾಡಿದ್ದ ನಮಗೆ, ಏನೂ ತಿಳಿಯದ ಯಂತ್ರಕ್ಕೆ ಪಾಠ ಹೇಳುವಾಗಲೇ ಭಾಮಿನಿಯ ನಡಿಗೆ ಕಿವಿಗೆ ಬಿದ್ದದ್ದು. ಮೌಲ್ಯಮಾಪನದ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಬೈಂಡಿಂಗಿಗೆ 5 ಅಂಕವಿದೆ.

ಮುದ್ರಿತ ಪ್ರತಿಯಲ್ಲಿ ಈ ಪ್ರಸ್ತಾರ ಬಂದಿಲ್ಲ. ಪ್ರತಿ ಪುಟದಲ್ಲೂ ‘ಪದ್ಯದ ಮೇಲೆ ಬೆರಳಿಡಿ’ ಎಂಬ ಸೂಚನೆಯಷ್ಟೇ ಬಂದಿದೆ. ಇಟ್ಟರೆ ಇಂಕು ಅಂಟುತ್ತದೆ.

ಇನ್ನು, ‘ಇದು ಸಂಪೂರ್ಣವಾಗಿ ನನ್ನ ಸ್ವಂತ ಕೃತಿ’ ಎಂಬ ದೃಢೀಕರಣ ಪತ್ರ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದು ಕುಮಾರವ್ಯಾಸ ಪೀಠಿಕೆಯಲ್ಲೇ ಬಾಯಿಬಿಟ್ಟಿದ್ದಾನೆ. ಈ ನಮೂನೆಗೆ ಸಹಿ ಹಾಕಲಾರದೆ ಅವನು ನಮ್ಮ ವಿಭಾಗದಲ್ಲಿ ಫೇಲಾಗುತ್ತಿದ್ದ. ನಕಲು ಪತ್ತೆಯ ತಂತ್ರಾಂಶವೂ ಪದ್ಯಗಳನ್ನೆಲ್ಲ ಕೆಂಪಾಗಿಸಿತು. ‘ಪದ್ಯಗಳನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆದುಬಿಡಿ’ ಎಂದು ವಿಭಾಗದಿಂದ ಸಲಹೆ ಬಂತು. ಕುಮಾರವ್ಯಾಸನನ್ನು ತಿದ್ದುವಷ್ಟು ಕ್ರೆಡಿಟ್ ಈ ಪ್ರಾಜೆಕ್ಟಿಗಿಲ್ಲವಾದ್ದರಿಂದ ಕೈಬಿಟ್ಟೆವು.

ಬರೆದದ್ದನ್ನು ಅಳಿಸದ ಹೆಗ್ಗಳಿಕೆ ತನ್ನದೆಂದು ಕವಿ ಹೇಳಿಕೊಂಡಿದ್ದಾನೆ. ನಮ್ಮ ಸಲ್ಲಿಕೆಯ ಪೋರ್ಟಲಿಗೂ ಆ ಹೆಗ್ಗಳಿಕೆಯಿದೆ: ಒಮ್ಮೆ ಒತ್ತಿದರೆ ತಿದ್ದುಪಡಿಯಿಲ್ಲ. ಶೀರ್ಷಿಕೆಯಲ್ಲಿ ‘ಕುಮಾರವ್ಯಸ’ ಎಂದಿರುವುದು ಹೀಗಾಗಿ ಶಾಶ್ವತವಾಗಿದೆ.

ತಾಣದ ವಿಳಾಸವನ್ನು ಕೊನೆಯ ಹಾಳೆಯಲ್ಲಿ ಕೈಬರಹದಲ್ಲಿ ಬರೆದಿದ್ದೇವೆ. ಬಿಡುವಾದಾಗ ಯಾರ ಮೊಬೈಲಿನಲ್ಲಾದರೂ ನೋಡಬಹುದು. ನೋಡಲೇಬೇಕೆಂಬ ನಿಯಮವೇನೂ ಸುತ್ತೋಲೆಯಲ್ಲಿಲ್ಲ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿಗಳು.

ಲಗತ್ತು: ಮುದ್ರಿತ ಜಾಲತಾಣ, ಮೂರು ಪ್ರತಿ. ಸಿ.ಡಿ. ಒಂದು. (ನಮ್ಮ ಯಾರ ಲ್ಯಾಪ್‌ಟಾಪಿನಲ್ಲೂ ಸಿ.ಡಿ. ಡ್ರೈವ್ ಇಲ್ಲದ್ದರಿಂದ ಇದು ಖಾಲಿಯಿದೆ. ಹಿಂದಿನ ವರ್ಷದವರದೂ ಖಾಲಿಯೇ ಇತ್ತಂತೆ. ಅವರಿಗೆ ಡಿಸ್ಟಿಂಕ್ಷನ್ ಬಂದಿದೆ.)