ಏಳನೆಯ ಪ್ರಮಾಣ: ‘ಗೊತ್ತು ಬಿಡಿ’ ಮೀಮಾಂಸೆ

ಅರಿವಿನ ಮೂಲಗಳು, ಅಂದರೆ ಪ್ರಮಾಣಗಳು, ಎಷ್ಟು ಎಂಬ ಲೆಕ್ಕದಲ್ಲಿ ನಮ್ಮ ದಾರ್ಶನಿಕರು ಒಮ್ಮತಕ್ಕೆ ಬರಲಿಲ್ಲ. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಬೌದ್ಧರು ಅದಕ್ಕೆ ಅನುಮಾನವನ್ನು, ಅಂದರೆ ತರ್ಕದಿಂದ ಊಹಿಸುವುದನ್ನು, ಸೇರಿಸಿದರು. ಸಾಂಖ್ಯರು ಮೂರಕ್ಕೆ, ನೈಯಾಯಿಕರು ನಾಲ್ಕಕ್ಕೆ ನಿಂತರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅರ್ಥಾಪತ್ತಿ, ಅನುಪಲಬ್ಧಿಗಳನ್ನೂ ಒಪ್ಪಿ ಆರರವರೆಗೆ ಬಂದರು. ಇಷ್ಟು ಧಾರಾಳವಾಗಿ ಬಾಗಿಲು ತೆರೆದವರೂ ಏಳನೆಯದೊಂದನ್ನು ಹೊಸ್ತಿಲಾಚೆಗೇ ನಿಲ್ಲಿಸಿದ್ದು ದೊಡ್ಡ ಅನ್ಯಾಯ. ಮದುವೆಮನೆಯ ಪಂಕ್ತಿಯಲ್ಲಿ, ಕ್ಷೌರದಂಗಡಿಯ ಬೆಂಚಿನಲ್ಲಿ, ವಾಟ್ಸಾಪಿನ ಕುಟುಂಬ ಗುಂಪಿನಲ್ಲಿ ದಿನವೂ ಹೊರಬೀಳುವ ತೀರ್ಪುಗಳೆಲ್ಲ ನಿಂತಿರುವುದು ಇದರ ಬಲದ ಮೇಲೆ. ಇದರ ಹೆಸರು ‘ಗೊತ್ತು ಬಿಡಿ’. ಶಾಸ್ತ್ರದ ಸೌಕರ್ಯಕ್ಕಾಗಿ ಇನ್ನು ಮುಂದೆ ‘ಗೊತ್ತು’ ಎನ್ನೋಣ. ಇದು ಸ್ವತಂತ್ರ ಪ್ರಮಾಣವೆಂದು ಸಾಧಿಸುವುದು ಈ ಗ್ರಂಥದ ವಿಷಯ. ಎಲ್ಲವೂ ಗೊತ್ತಿರುವವರು ಇದಕ್ಕೆ ಅಧಿಕಾರಿಗಳು. ಆದ್ದರಿಂದ ಯಾರನ್ನೂ ಹೊರಗಿಟ್ಟಂತಾಗಲಿಲ್ಲ.

ಮೊದಲು ಲಕ್ಷಣ. ಒಂದು ವಾಕ್ಯದಲ್ಲಿ ಹುಟ್ಟಿ ಎರಡನೆಯ ವಾಕ್ಯಕ್ಕೆ ದಾಟಲಾರದ ಅರಿವೇ ಗೊತ್ತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದು ಇದಕ್ಕೆ ಶ್ರೇಷ್ಠ ಉದಾಹರಣೆ. ಪ್ರೈಮರಿ ಶಾಲೆಯಿಂದ ಜೊತೆಗೆ ಬಂದ ಈ ವಾಕ್ಯದ ಮುಂದೇನಿದೆ ಎಂದು ಯಾರೂ ಇಣುಕಲು ಹೋಗುವುದಿಲ್ಲ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ಹೊತ್ತಿಗೆ ಮಾತ್ರ. ಡಿಸೆಂಬರಿನ ಕೊನೆಗೆ ಬೆಂಗಳೂರಿನಲ್ಲಿ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಎಂಬುದೂ ಹೀಗೆಯೇ. ಬೆಂಗಳೂರಿನ ನೆತ್ತಿಗೆ ಅವನು ನೇರವಾಗಿ ಬರುವುದು ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ. ಮಿಕ್ಕ ದಿನಗಳಲ್ಲಿ ನೆರಳು ಒಂದಿಷ್ಟಾದರೂ ಪಕ್ಕಕ್ಕೆ ಬಿದ್ದಿರುತ್ತದೆ, ನೋಡುವವರಿಲ್ಲದೆ. ನಮ್ಮ ಲಕ್ಷಣಕ್ಕೆ ಅವ್ಯಾಪ್ತಿ ದೋಷವಿಲ್ಲ, ಏಕೆಂದರೆ ಗೊತ್ತು ವ್ಯಾಪಿಸದ ಮನೆಯಿಲ್ಲ. ಅತಿವ್ಯಾಪ್ತಿ ಇದೆಯೆಂದು ದೂರುವವರಿಗೆ ಉತ್ತರವಿಷ್ಟೆ: ಅದು ಲಕ್ಷಣದ ದೋಷವಲ್ಲ, ಲಕ್ಷ್ಯದ ಗುಣ.

ಈಗ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಇದು ಪ್ರತ್ಯಕ್ಷವೇ, ದಿನಾ ಕಂಡದ್ದನ್ನು ಗೊತ್ತು ಅನ್ನುತ್ತೇವೆ, ಬೇರೆ ಹೆಸರೇಕೆ ಎನ್ನುವವರಿದ್ದಾರೆ. ಅವರು ದಯಮಾಡಿ ಜೇಬಿನ ಐವತ್ತು ರೂಪಾಯಿ ನೋಟನ್ನು ಹೊರತೆಗೆಯದೆ ಅದರ ಹಿಂಬದಿಯನ್ನು ವರ್ಣಿಸಲಿ. 2017ರಿಂದ ಅಲ್ಲಿ ಹಂಪಿಯ ಕಲ್ಲಿನ ರಥ ನಿಂತಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟನೆಯ ಸಾಲು? ನಾಲ್ಕನೆಯದು, ಗುಜರಾತಿಯ ಕೆಳಗೆ, ಕಾಶ್ಮೀರಿಯ ಮೇಲೆ. ಕನ್ನಡಕ್ಕಾಗಿ ಕೈಯೆತ್ತುವ ಎಷ್ಟು ಕೈಗಳು ಈ ಸಾಲಿನ ಮೇಲೆ ಹೆಬ್ಬೆರಳಿಟ್ಟು ನೋಟು ಎಣಿಸಿವೆಯೋ ಲೆಕ್ಕವಿಲ್ಲ. ಇದು ನಮ್ಮವರ ದೋಷವೆಂದು ಯಾರೂ ಕುಗ್ಗಬೇಕಿಲ್ಲ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಸಂಶೋಧಕರು ಅಮೆರಿಕದವರಿಗೆ ಅವರದೇ ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬಿಡಿಸಲು ಹೇಳಿದಾಗ ಬಹುಮಂದಿ ತಡವರಿಸಿದರು. ಲಿಂಕನ್ ಯಾವ ಕಡೆಗೆ ಮುಖಮಾಡಿದ್ದಾನೆ ಎಂಬುದೂ ಅನೇಕರಿಗೆ ನೆನಪಿರಲಿಲ್ಲ. ಕಣ್ಣಿಗೆ ಬೀಳುವುದಕ್ಕೂ ಕಾಣುವುದಕ್ಕೂ ಇಷ್ಟು ಅಂತರವಿದ್ದಮೇಲೆ ಪ್ರತ್ಯಕ್ಷವಾದ ಬಿದ್ದುಹೋಯಿತು. ಗೊತ್ತಿಗೆ ನೋಡುವ ಅಗತ್ಯವಿಲ್ಲ, ಬಳಕೆಯಿದ್ದರೆ ಸಾಕು.

ಹಾಗಾದರೆ ಶಬ್ದಪ್ರಮಾಣವಿರಬಹುದು, ಯಾರೋ ಹೇಳಿದ್ದನ್ನು ನಂಬುತ್ತೇವೆ ಎಂಬುದು ಎರಡನೆಯ ಪೂರ್ವಪಕ್ಷ. ಇದೂ ನಿಲ್ಲದು. ಶಬ್ದಪ್ರಮಾಣಕ್ಕೆ ನೈಯಾಯಿಕರು ಆಪ್ತನೊಬ್ಬನನ್ನು, ಅಂದರೆ ವಿಷಯ ಬಲ್ಲ ನಂಬಿಗಸ್ತನನ್ನು, ಬೇಡುತ್ತಾರೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಮೊದಲು ಹೇಳಿದ ಆಪ್ತ ಯಾರು? ಸಿಕ್ಕುವುದಿಲ್ಲ. ಈ ವಿಷಯದಲ್ಲಿ ಆಪ್ತನಾಗಬಲ್ಲದ್ದು ಕೇಂದ್ರದ ಕ್ರೀಡಾ ಸಚಿವಾಲಯ. ಅದು 2012ರಲ್ಲಿ, ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲವೆಂದು ತಿಳಿಸಿತು. ಆಪ್ತವಾಕ್ಯ ಬಂದಮೇಲೂ ಹಾಕಿ ಕ್ವಿಜ್ ಪುಸ್ತಕಗಳಿಂದ ಕದಲಲಿಲ್ಲ. ಹಿಂದಿಯನ್ನು ರಾಷ್ಟ್ರಭಾಷೆ ಎನ್ನುವವರ ಪಾಡೂ ಅದೇ: ಸಂವಿಧಾನದ 343ನೆಯ ವಿಧಿ ಅದನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ, ರಾಷ್ಟ್ರಭಾಷೆಯ ಪಟ್ಟವನ್ನು ಸಂವಿಧಾನ ಯಾವ ಭಾಷೆಗೂ ಕಟ್ಟಿಲ್ಲ. ಹೇಳಿದವನಿಲ್ಲದೆ ಹುಟ್ಟಿ, ಅಲ್ಲವೆಂದವನನ್ನು ಮೀರಿ ಬದುಕುವ ಅರಿವು ಶಬ್ದಪ್ರಮಾಣವಾಗುವುದಾದರೂ ಹೇಗೆ?

ಮೂರನೆಯ ಆಕ್ಷೇಪ ಕಠಿಣವಾದದ್ದು: ಇದು ಪ್ರಮಾಣವೇ ಅಲ್ಲ, ಬರಿಯ ಭ್ರಮೆ. ಆದರೆ ಭ್ರಮೆಗೆ ಒಂದು ಮರ್ಯಾದೆಯಿದೆ. ಹಗ್ಗದಲ್ಲಿ ಕಂಡ ಹಾವು ದೀಪ ತಂದೊಡನೆ ಹೊರಟುಹೋಗುತ್ತದೆ. ಗೊತ್ತು ಹಾಗೆ ಹೋಗುವ ಜಾತಿಯಲ್ಲ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಸೂರ್ಯ ದಿನವೂ ಒಂದೇ ಪಶ್ಚಿಮದಲ್ಲಿ ಮುಳುಗುವವನಾದರೆ ಈ ವಿಶೇಷ ವರ್ಷವಿಡೀ ನಡೆಯಬೇಕಿತ್ತು, ಸರದಿಯಲ್ಲಿ ನಿಲ್ಲುವ ಕಷ್ಟವೂ ಇರುತ್ತಿರಲಿಲ್ಲ. ಮುಳುಗುವ ತಾಣ ಸರಿಯುತ್ತದೆ ಎಂಬುದಕ್ಕೆ ಕಲ್ಲಿನಲ್ಲೇ ಕಟ್ಟಿಟ್ಟ ಸಾಕ್ಷಿಯನ್ನು ಕಣ್ಣಾರೆ ಕಂಡ ಜನ ಎಳ್ಳುಬೆಲ್ಲ ಬೀರುತ್ತಾ ಅಂದೇ ಉತ್ತರಾಯಣ ಹುಟ್ಟಿತೆಂದೂ ಹೇಳುತ್ತಾರೆ. ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ದಾಟಿರುತ್ತದೆ. ಅಯನ ಡಿಸೆಂಬರ್ 21, 22ರ ಹೊತ್ತಿಗೇ ಮುಗಿದ ವ್ಯವಹಾರ. ದೀಪ ತಂದರೂ, ಸಾಕ್ಷಾತ್ ಸೂರ್ಯನನ್ನೇ ತಂದರೂ ಬಾಧಿತವಾಗದ ಇಂಥ ಜ್ಞಾನ ಇನ್ನೊಂದಿಲ್ಲ. ಜ್ಞಾನದ ಪ್ರಾಮಾಣ್ಯ ಅದರಲ್ಲಿಯೇ ಇದೆ, ಬಾಧಕ ಬರುವತನಕ ಅದನ್ನು ನಂಬಬೇಕು ಎಂದು ಮೀಮಾಂಸಕರು ಸ್ವತಃಪ್ರಾಮಾಣ್ಯವಾದದಲ್ಲಿ ಹೇಳಿದರು. ಗೊತ್ತು ಅವರಿಗಿಂತ ಒಂದು ಹೆಜ್ಜೆ ಮುಂದೆ: ಬಾಧಕ ಬಂದರೆ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತದೆ.

ಇಷ್ಟು ಬಲಿಷ್ಠವಾದದ್ದಕ್ಕೂ ಒಂದೇ ಒಂದು ಶತ್ರುವಿದೆ. ಅದು ‘ಹೇಗೆ?’ ಎಂಬ ಪ್ರಶ್ನೆ. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್ ಪ್ರಕಟಿಸಿದ ಪ್ರಯೋಗಗಳಲ್ಲಿ ಜಿಪ್, ಬೀಗ, ಫ್ಲಶ್ ಟಾಯ್ಲೆಟ್‌ಗಳಂಥವು ಕೆಲಸಮಾಡುವ ಬಗೆ ತಮಗೆಷ್ಟು ತಿಳಿದಿದೆಯೆಂದು ಜನ ತಮಗೆ ತಾವೇ ಅಂಕ ಕೊಟ್ಟುಕೊಂಡರು. ಬಳಿಕ ಹಂತಹಂತವಾಗಿ ವಿವರಿಸಿ ಬರೆಯಲು ಹೇಳಿದಾಗ ಅದೇ ಕೈಗಳು ಅಂಕ ಇಳಿಸಿದವು. 2006ರಲ್ಲಿ ಲಿವರ್‌ಪೂಲಿನ ರೆಬೆಕಾ ಲಾಸನ್ ಸೈಕಲ್ಲಿನ ಚಿತ್ರ ಬಿಡಿಸಲು ಹೇಳಿದಾಗ ಕೆಲವರು ಚೈನನ್ನು ಎರಡೂ ಚಕ್ರಗಳಿಗೆ ಸುತ್ತಿದರು. ಆ ಸೈಕಲ್ಲು ತಿರುವಿನಲ್ಲಿ ತಿರುಗುವಂತಿರಲಿಲ್ಲ. ನಮ್ಮ ಅಡುಗೆಮನೆಗೆ ಬಂದರೆ, ಬೇಳೆಗೆ ಮೂರು ಕೂಗು ಎಂಬುದು ಶ್ರುತಿವಾಕ್ಯ. ಕೂಗು ಅಂದರೆ ಹೆಚ್ಚಾದ ಆವಿ ಮೇಲಿನ ತೂಕವನ್ನು ಎತ್ತಿ ಹೊರಬೀಳುವ ಸದ್ದು. ಬೇಳೆಯನ್ನು ಬೇಯಿಸುವುದು ಒತ್ತಡದಿಂದ ಸುಮಾರು 120 ಡಿಗ್ರಿಗೇರಿದ ನೀರು ಮತ್ತು ಅದಕ್ಕೆ ಸಿಕ್ಕ ಹೊತ್ತು. ಉರಿ ದೊಡ್ಡದಿದ್ದರೆ ಮೂರು ಕೂಗು ಬೇಗ, ಸಣ್ಣದಿದ್ದರೆ ತಡ. ಉರಿಯ ಮರ್ಜಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಈ ಕಾಲಮಾನದ ಮೇಲೆ ನಾಡಿನ ಸಾರು ನಿಂತಿದೆ. ಇದರಿಂದ ಸಿದ್ಧವಾಗುವ ಸೂತ್ರ: ವಿವರಿಸಿದಷ್ಟೂ ಗೊತ್ತು ಕ್ಷೀಣಿಸುತ್ತದೆ, ಆದ್ದರಿಂದ ಗೊತ್ತನ್ನು ಕಾಪಾಡಬೇಕೆನ್ನುವವರು ವಿವರಿಸಬಾರದು.

ಆದರೂ ಸಾರು ಚೆನ್ನಾಗಿಯೇ ಆಗುತ್ತದಲ್ಲ, ತಿಳಿಯದಿದ್ದರೆ ನಷ್ಟವೇನು ಎಂಬ ಆಕ್ಷೇಪಕ್ಕೆ ಸಿದ್ಧಾಂತಿ ತಲೆಬಾಗಲೇಬೇಕು. ಸೈಕಲ್ಲಿನ ವಿಷಯ ಪಂಕ್ಚರ್ ಅಂಗಡಿಯವರಿಗೆ ತಿಳಿದಿದೆ, ಆವಿಯ ವಿಷಯ ಕುಕ್ಕರಿನ ತೂಕಕ್ಕೆ ಒಪ್ಪಿಸಿದ್ದಾಗಿದೆ, ಅಯನದ ವಿಷಯವನ್ನು ಪಂಚಾಂಗದವರು ಹೊತ್ತಿದ್ದಾರೆ. ಎಲ್ಲರೂ ಎಲ್ಲವನ್ನೂ ತಿಳಿಯಹೊರಟರೆ ಬೆಳಗಿನ ಕಾಫಿಯೂ ಆಗದು. ಗೊತ್ತಿನ ತಪ್ಪು ವಿಳಾಸದ್ದು: ಊರಲ್ಲಿರುವ ತಿಳಿವನ್ನೆಲ್ಲ ಅದು ತನ್ನ ತಲೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ. ಬೇಳೆ ಬೇಯಿಸುವತನಕ ಇದರಿಂದ ತೊಂದರೆಯಿಲ್ಲ. ಅದೇ ಖಾತೆಯಿಂದ ಪಕ್ಕದವರಿಗೆ ಔಷಧಿ ಹೇಳತೊಡಗಿದಾಗ, ಅಣೆಕಟ್ಟಿನ ನೀರು ಹಂಚತೊಡಗಿದಾಗ, ಇತಿಹಾಸದ ಅಪರಾಧಿಗಳನ್ನು ಗುರುತಿಸತೊಡಗಿದಾಗ ಚೆಕ್ಕು ವಾಪಸು ಬರುತ್ತದೆ, ದಂಡ ಬೇರೆಯವರು ಕಟ್ಟುತ್ತಾರೆ.

ಓದಿದವರಿಗೆ ಈ ಬಾಧೆಯಿಲ್ಲ ಎಂಬ ಕೊನೆಯ ಆಕ್ಷೇಪಕ್ಕೆ ಓದಿದವರೇ ಉತ್ತರ. 1999ರಲ್ಲಿ ಕಾರ್ನೆಲ್ಲಿನ ಕ್ರೂಗರ್ ಮತ್ತು ಡನಿಂಗ್, ಪರೀಕ್ಷೆಯಲ್ಲಿ ತಳದಲ್ಲಿದ್ದವರು ತಮ್ಮನ್ನು ಸರಾಸರಿಗಿಂತ ಮೇಲೆಂದು ಎಣಿಸಿದ್ದನ್ನು ತೋರಿಸಿದರು. ಇದನ್ನು ಬಲ್ಲವರೆಲ್ಲ ಒಂದು ಗೆರೆಯ ಚಿತ್ರವನ್ನೂ ಬಲ್ಲರು: ಅಲ್ಪಜ್ಞರ ಆತ್ಮವಿಶ್ವಾಸ ಶಿಖರಕ್ಕೇರಿ, ಕಣಿವೆಗಿಳಿದು, ಮತ್ತೆ ನಿಧಾನವಾಗಿ ಹತ್ತುತ್ತದೆ. ಮೂಲ ಲೇಖನದಲ್ಲಿ ಶಿಖರವೂ ಇಲ್ಲ, ಕಣಿವೆಯೂ ಇಲ್ಲ. ಜನರ ಸ್ವಂತ ಅಂದಾಜಿನ ಗೆರೆ ಎಡದಿಂದ ಬಲಕ್ಕೆ ಹೆಚ್ಚುಕಮ್ಮಿ ಸಪಾಟಾಗಿ ಸಾಗುತ್ತದೆ. ಮಂದಿ ತಮ್ಮ ಅರಿವನ್ನು ತಪ್ಪಾಗಿ ಅಳೆಯುತ್ತಾರೆ ಎಂಬ ಶೋಧನೆಯನ್ನು ಮಂದಿ ತಪ್ಪಾಗಿ ಅರಿತು, ಅದನ್ನು ಸದಾ ಇತರರಿಗೇ ಅನ್ವಯಿಸುತ್ತಾರೆ. ಏಳನೆಯ ಪ್ರಮಾಣಕ್ಕೆ ಇದಕ್ಕಿಂತ ಶುದ್ಧವಾದ ಸಾಧನೆ ಸಿಗಲಾರದು.

ಶಾಸ್ತ್ರಗ್ರಂಥಕ್ಕೆ ಫಲಶ್ರುತಿ ಇರತಕ್ಕದ್ದು. ಈ ಪ್ರಬಂಧವನ್ನು ಶ್ರದ್ಧೆಯಿಂದ ಕೊನೆಯವರೆಗೆ ಓದಿದವರಿಗೆ ಐವತ್ತರ ನೋಟಿನ ನಾಲ್ಕನೆಯ ಸಾಲು ಲಭಿಸುತ್ತದೆ, ಜೊತೆಗೆ ಪ್ರತಿ ಮಾತಿನ ಕೊನೆಗೂ ‘ಹೇಗೆ?’ ಎಂದು ಕೆಮ್ಮುವ ವ್ಯಾಧಿಯೂ. ತಲೆಬರಹವನ್ನಷ್ಟೇ ಓದಿ ಪುಟ ತಿರುವಿದವರಿಗೆ ಏಳೂ ಪ್ರಮಾಣಗಳು ಕರತಲಾಮಲಕವಾಗುತ್ತವೆ; ಮುಂದಿನ ಮದುವೆಯ ಪಂಕ್ತಿಯಲ್ಲಿ ಇದರ ಬಗ್ಗೆ ಉಪನ್ಯಾಸ ಮಾಡುವವರೂ ಅವರೇ.